ಹರಂಗ್ ಟೀವಿಯೂ ವೆಂಡೆಲನ ಹೆಸರಿನ ದಿನವೂ

ಚೆಪ್ರೆಗಿ ಮನೆತನದ ವೆಂಡೆಲನಿಗೆ ಆ ದಿನ ಬೇಕಾಗಿದ್ದದ್ದು ಒಂದೇ. ಅವನ ಪೂರ್ತಿ ಹೆಸರನ್ನು ಟೀವಿಯಲ್ಲಿ ಯಾರಾದರೂ ಒಂದು ಸಲ ಹೇಳಬೇಕು. ಪದವಿ ಬೇಡ, ಪದಕ ಬೇಡ, ಹೂವು ಕೊಟ್ಟರೆ ಸರಿ, ಕೊಡದಿದ್ದರೂ ಸರಿ. ಐವತ್ತೆಂಟು ವರ್ಷದ ಮನುಷ್ಯ, ಒಂದೇ ಚಾನೆಲ್ಲಿನ ನೆಲಮಾಳಿಗೆಯಲ್ಲಿ ಹದಿನೈದು ವರ್ಷ ಕೂತು ಹಳೆಯ ಟೇಪುಗಳ ಧೂಳು ಕುಡಿದವನು, ಇಷ್ಟು ಕೇಳಬಾರದೇ? ಕೇಳಬಾರದು ಎನ್ನುವವರ ಮುಖವನ್ನು ನಾನೊಮ್ಮೆ ನೋಡಬೇಕು.

ಅಕ್ಟೋಬರ್ ಇಪ್ಪತ್ತು ವೆಂಡೆಲ್ ಎಂಬ ಹೆಸರಿನವರ ದಿನ. ದಾನ್ಯೂಬ್ ನದಿಯ ದಡದ ನಮ್ಮ ದೇಶದಲ್ಲಿ ಹುಟ್ಟಿದ ದಿನವನ್ನು ಮನೆಯವರೇ ಮರೆತರೂ ನಡೆದೀತು, ಹೆಸರಿನ ದಿನವನ್ನು ಎದುರುಮನೆಯವರೂ ಮರೆಯುವ ಹಾಗಿಲ್ಲ. ಯಾವ ದಿನ ಯಾವ ಹೆಸರಿನವರದು ಎಂಬುದು ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ. ನಮ್ಮ ಭಾಷೆಯಲ್ಲಿ ಹರಂಗ್ ಎಂದರೆ ಗಂಟೆ; ಹರಂಗ್ ಟೀವಿಯಲ್ಲಿ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಯಾವುದಾದರೊಂದು ಊರಿನ ಇಗರ್ಜಿಯ ಗಂಟೆ ಹೊಡೆಯುತ್ತದೆ, ಅದರ ಹಿಂದೆಯೇ ಹವಾಮಾನ, ಹವಾಮಾನದ ಕೊನೆಗೆ ಇಂದು ಯಾರ ಹೆಸರಿನ ದಿನವೋ ಅವರಿಗೆ ಶುಭಾಶಯ. ದೇಶದ ಮುದುಕಿಯರೆಲ್ಲ ಆ ಗಂಟೆಗಾಗಿ ಟೀವಿ ಹಾಕುತ್ತಾರೆ. ವೆಂಡೆಲನ ಅಮ್ಮನೂ ಅವರಲ್ಲೊಬ್ಬಳು. ವಯಸ್ಸು ಎಂಬತ್ಮೂರು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ವರ್ಷಕ್ಕೊಮ್ಮೆ ಟೀವಿಯವರು 'ವೆಂಡೆಲ್' ಎಂದು ಹೇಳುವುದು ತನ್ನ ಮಗನನ್ನೇ ಉದ್ದೇಶಿಸಿ ಎಂದು ಅವಳು ಇಡೀ ಅಪಾರ್ಟ್‌ಮೆಂಟಿಗೆ ನಂಬಿಸಿದ್ದಳು.

ಇಲ್ಲಿ ಆ ಚಾನೆಲ್ಲಿನ ಚರಿತ್ರೆಯನ್ನು ಸ್ವಲ್ಪ ಹೇಳಲೇಬೇಕು. ಹೇಳುವಾಗಲೇ ನನ್ನ ರಕ್ತ ಕುದಿಯುತ್ತದೆ, ಆದರೂ ಹೇಳುತ್ತೇನೆ.

ಹರಂಗ್ ಟೀವಿಯ ಯಜಮಾನ ಬೊಗ್ನಾರ್. ಜಲ್ಲಿ, ಸಿಮೆಂಟು, ರಸ್ತೆ ಗುತ್ತಿಗೆ ಅವನ ಕಸುಬು. ಆಳುವ ಪಕ್ಷದ ನಾಯಕ ಹೊಲ್ಲೋಶಿ ಅವನ ಹಾಸ್ಟೆಲ್ ಗೆಳೆಯ. ಗೆಳೆಯನನ್ನು ಹೊಗಳಲಿಕ್ಕೆಂದೇ ಬೊಗ್ನಾರ್ ಚಾನೆಲ್ ತೆರೆದ. ಆರು ವರ್ಷ ಹೊಗಳಿದ್ದೇ ಹೊಗಳಿದ್ದು. ಏಳನೆಯ ವರ್ಷ ಇಬ್ಬರೂ ಕಾಡುಹಂದಿಯ ಬೇಟೆಗೆ ಹೋದರು. ಹಂದಿ ಬಿತ್ತು. ನನ್ನ ಗುಂಡು ಎಂದ ಇವನು, ನನ್ನ ಗುಂಡು ಎಂದ ಅವನು. ಮಾರನೆಯ ಬೆಳಿಗ್ಗೆ ಹರಂಗ್ ಟೀವಿಯಲ್ಲಿ ನಾಯಕ ಕಳ್ಳನಾಗಿದ್ದ, ಮುಂದೆ ನಾಲ್ಕು ವರ್ಷ ಕಳ್ಳನಾಗಿಯೇ ಉಳಿದ. ಆಮೇಲೆ ಯಾರದೋ ಮದುವೆಯಲ್ಲಿ ಇಬ್ಬರೂ ಕುಡಿದು, ಅತ್ತು, ತಬ್ಬಿಕೊಂಡರು. ಮಾರನೆಯ ಬೆಳಿಗ್ಗೆ ನಾಯಕ ಮತ್ತೆ ದೇಶೋದ್ಧಾರಕ. ಅಲ್ಲಿಂದ ಐದು ವರ್ಷವಾಯಿತು. ಒಂದು ಹಂದಿಗಾಗಿ ಒಂದು ಕೋಟಿ ಜನರ ಕಿವಿಯನ್ನು ಎಡಕ್ಕೂ ಬಲಕ್ಕೂ ಹಿಂಡಿದರಲ್ಲ, ಇವರಿಗೆ ಏನನ್ನಬೇಕು ಹೇಳಿ.

ಇದರಿಂದ ನಮ್ಮ ವೆಂಡೆಲನಿಗೇನು ಎಂದು ನೀವು ಕೇಳಬಹುದು. ಆ ನಾಯಕನ ಪೂರ್ತಿ ಹೆಸರು ಹೊಲ್ಲೋಶಿ ವೆಂಡೆಲ್.

ಜಗಳದ ನಾಲ್ಕು ವರ್ಷ ಆ ಕಟ್ಟಡದಲ್ಲಿ ವೆಂಡೆಲ್ ಎಂಬ ಶಬ್ದವನ್ನೇ ಆಡಬಾರದೆಂದು ಅಪ್ಪಣೆಯಾಗಿತ್ತು. ನಾಯಕನನ್ನು 'ಆ ಮನುಷ್ಯ' ಎನ್ನುತ್ತಿದ್ದರು. ನಮ್ಮ ವೆಂಡೆಲನನ್ನು ಕರೆಯುವುದು ಹೇಗೆ? ನಿರ್ದೇಶಕ ಪೊಲ್ಗಾರ್ ಒಂದು ಕ್ಷಣ ಯೋಚಿಸಿ, "ನೀವು ಗೇಜಾ ಅಂತ ಇರಿ" ಎಂದುಬಿಟ್ಟ. ಗೇಜಾ ಎಂದು ಬಿಲ್ಲೆಯೂ ಅಚ್ಚಾಯಿತು. ನಾಲ್ಕು ವರ್ಷ ಆ ಪಾಪದ ಮನುಷ್ಯ ಅದನ್ನು ಎದೆಗೆ ಸಿಕ್ಕಿಸಿಕೊಂಡು ಓಡಾಡಿದ. ಸಂಜೆ ಮನೆಗೆ ಹೊರಡುವಾಗ ಕಳಚಿ ಮೇಜಿನ ಖಾನೆಗೆ ಹಾಕುತ್ತಿದ್ದ. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಆ ನಾಲ್ಕು ವರ್ಷ ಮಧ್ಯಾಹ್ನದ ಶುಭಾಶಯದಲ್ಲಿ ತನ್ನ ಹೆಸರು ಬರದಿದ್ದಾಗ, "ಏನೋ ಯಂತ್ರ ಕೆಟ್ಟಿರಬೇಕಮ್ಮ" ಎಂದು ಸಮಾಧಾನ ಮಾಡಿದ್ದ.

ಈಗ ಆ ದಿನಕ್ಕೆ ಬರೋಣ.

ಚಾನೆಲ್ಲಿಗೆ ಹದಿನೈದು ತುಂಬಿದ್ದು ಸೆಪ್ಟೆಂಬರಿನಲ್ಲೇ. ನಾಯಕನನ್ನು ಖುಷಿಪಡಿಸಲು ಬೊಗ್ನಾರ್ ಸಮಾರಂಭವನ್ನು ಅವನ ಹೆಸರಿನ ದಿನಕ್ಕೇ ಮುಂದೂಡಿದ್ದ. ಬೆಳಿಗ್ಗೆ ಎಂಟಕ್ಕೆ ವೆಂಡೆಲ್ ಪದ್ಧತಿಯಂತೆ ಸಹೋದ್ಯೋಗಿಗಳಿಗೆ ಕೊಡಲು ಅಮ್ಮ ಸುಟ್ಟುಕೊಟ್ಟ ಒಂದು ತಟ್ಟೆ ಖಾರದ ಪೊಗಾಚ ಬನ್ನು, ಒಂದು ಬಾಟಲಿ ಪ್ಲಮ್ಮಿನ ಪಾಲಿಂಕಾ ಬ್ರಾಂಡಿ ಹೊತ್ತು ಬಂದರೆ, ಸೂಚನಾ ಫಲಕದಲ್ಲಿ ಒಂದು ಹಾಳೆ: 'ಇಂದು ಈ ಕಟ್ಟಡದಲ್ಲಿ ಹೆಸರಿನ ದಿನದ ಶುಭಾಶಯವು ಮಾನ್ಯ ನಾಯಕರಿಗೆ ಮಾತ್ರ ಸಲ್ಲತಕ್ಕದ್ದು.'

ಪೊಲ್ಗಾರ್ ಮೆಟ್ಟಿಲ ಮೇಲೇ ಕಾದಿದ್ದ.

"ಪೊಗಾಚ ತಂದ್ರಾ? ಒಳ್ಳೇದಾಯ್ತು. ಇಲ್ಲಿ ಕೊಡಿ, ನಾಯಕರ ಮೇಜಿಗೆ ಬೇಕು."

"ಸಾರ್, ಇದು ನಮ್ಮಮ್ಮ ನನ್ನ..."

"ನಿಮ್ಮಮ್ಮನ ಪುಣ್ಯ ಅಂದ್ಕೊಳ್ಳಿ. ಕೆಳಗೆ ನಡೀರಿ, ಬೆಂಕಿ ಬಿದ್ದಿದೆ."

ಬೆಂಕಿ ಏನೆಂದರೆ, ಚಾನೆಲ್ಲಿನ ಹದಿನೈದು ವರ್ಷದ ಚರಿತ್ರೆಯನ್ನು ಹೇಳುವ ಚಿತ್ರವನ್ನು ಹೊರಗಿನ ಯಾರಿಗೋ ಮಾಡಲು ಕೊಟ್ಟಿದ್ದರು. ಹಿಂದಿನ ದಿನ ಬೊಗ್ನಾರ್ ನೋಡಿದ. ಅದರಲ್ಲಿ ಆ ನಾಲ್ಕು ವರ್ಷವೂ ಇತ್ತು. ಚರಿತ್ರೆ ಎಂದರೆ ನಡೆದದ್ದೆಲ್ಲ ಎಂದುಕೊಂಡಿದ್ದರು ಪಾಪ, ಹೊರಗಿನವರು. ಬೊಗ್ನಾರ್ ಚಿತ್ರವನ್ನು ಕಸದ ಬುಟ್ಟಿಗೆ ಹಾಕಿಸಿದ.

"ಸಂಜೆ ಐದಕ್ಕೆ ಇಪ್ಪತ್ತು ನಿಮಿಷದ ಚಿತ್ರ ಬೇಕು, ವೆಂಡೆಲ್ ಅವರೇ. ಯಾವ ಟೇಪು ಎಲ್ಲಿದೆ ಅಂತ ನಿಮಗೊಬ್ಬರಿಗೇ ಗೊತ್ತು," ಎಂದ ಪೊಲ್ಗಾರ್. ಆಮೇಲೆ ದನಿ ತಗ್ಗಿಸಿ, "ಚೆನ್ನಾಗಿ ಬಂತು ಅಂದ್ರೆ ಏಳು ಗಂಟೆ ವಾರ್ತೆಯಲ್ಲಿ ನಿಮ್ಮ ಸೇವೆ ನೆನೆಸಿ ಎರಡು ಮಾತು ಹೇಳಿಸ್ತೀನಿ. ಹೆಸರು ಸಮೇತ. ಇದು ನನ್ನ ಮಾತು."

ವೆಂಡೆಲನ ಕಿವಿ ಕೆಂಪಾಯಿತು. ಕೂಡಲೇ ಅಮ್ಮನಿಗೆ ಫೋನು ಮಾಡಿದ. ಮಾಡಬಾರದಿತ್ತು. ಕಾಲು ಗಂಟೆಯಲ್ಲಿ ನಾಲ್ಕೂ ಮಹಡಿಗೆ ಸುದ್ದಿ ಮುಟ್ಟಿತ್ತು.

"ಎಲ್ಲರನ್ನೂ ಏಳಕ್ಕೆ ಕರೆದಿದೀನಿ ಕಣೋ," ಎಂದಳು ಅಮ್ಮ. "ಮೂರನೇ ಮಹಡಿ ಕರ್ನಲ್ಲನ್ನೂ ಕರೆದೆ. ಅವನು ನಂಬಲಿಲ್ಲ. ಹೆಸರು ಬರದೇ ಹೋದ್ರೆ ನಾನು ಲಿಫ್ಟಿನಲ್ಲಿ ಅವನ ಮುಖ ಹೆಂಗೆ ನೋಡಲಿ, ಯೋಚನೆ ಮಾಡು."

ಒಂಬತ್ತಕ್ಕೆ ವೆಂಡೆಲ್ ಟೇಪುಗಳನ್ನು ಹರಡಿಕೊಂಡು ಕೂತ. ಒಂಬತ್ತೂಕಾಲಿಗೆ ವಾರ್ತೆ ಓದುವ ಕಿಂಗಾ ಇಳಿದು ಬಂದಳು. ಹದಿನೈದು ವರ್ಷವೂ ಅದೇ ಕುರ್ಚಿಯಲ್ಲಿ ಕೂತು, ನಾಯಕನನ್ನು ಮೊದಲು ದೇಶೋದ್ಧಾರಕ ಎಂದವಳು, ಆಮೇಲೆ ಕಳ್ಳ ಎಂದವಳು, ಈಗ ಮತ್ತೆ ದೇಶೋದ್ಧಾರಕ ಎನ್ನುವವಳು. ಮೂರನ್ನೂ ಒಂದೇ ನಗುವಿನಲ್ಲಿ ಹೇಳಿದ್ದಳು.

"ವೆಂಡೆಲಣ್ಣ, ಮಧ್ಯದ ನಾಲ್ಕು ವರ್ಷ ನಾನು ಇರಲೇ ಇಲ್ಲ ಅಂತ ಇಟ್ಕೋ."

"ದಿನಾ ಇದ್ದೆಯಲ್ಲಮ್ಮ."

"ಮೊದಲಿನ ಆರು ವರ್ಷದ್ದೂ ಬೇಡ. ಆಗ ದಪ್ಪ ಇದ್ದೆ."

ಅವಳ ಹಿಂದೆಯೇ ಪೊಲ್ಗಾರ್ ಬಂದ. ಆ ನಾಲ್ಕು ವರ್ಷದಲ್ಲಿ ನಾಯಕನ ಮನೆಯ ಗೇಟಿಗೆ ಮೊಟ್ಟೆ ಹೊಡೆದ ಮೆರವಣಿಗೆಯ ಮುಂದಿನ ಸಾಲಿನಲ್ಲಿ ಅವನಿದ್ದ. ಆ ಟೇಪನ್ನು ಕೈಯಾರೆ ತೆಗೆದು ಜೇಬಿಗೆ ಹಾಕಿಕೊಂಡ. "ಮೊಟ್ಟೆ ನನ್ನದಲ್ಲ, ಪಕ್ಕದವನದು," ಎಂದು, ಯಾರೂ ಕೇಳದಿದ್ದರೂ ಹೇಳಿದ. ಹತ್ತೂವರೆಗೆ ಬೊಗ್ನಾರ್ ಫೋನು: ಜಲ್ಲಿ ಕ್ವಾರಿ ತೋರಿಸಬೇಡ, ಆ ಮದುವೆ ತೋರಿಸಬೇಡ, ಹಂದಿ ಅಂತೂ ಯಾವ ಕಾರಣಕ್ಕೂ ಬೇಡ, ಕಾಡೂ ಬೇಡ, ಮರ ಇದ್ದರೆ ಒಂಟಿ ಮರ ಇರಲಿ.

ಹನ್ನೊಂದೂವರೆಗೆ ಇಪ್ಪತ್ತು ನಿಮಿಷದ ಚಿತ್ರದಲ್ಲಿ ಉಳಿದದ್ದು ಮೂವತ್ತು ಸೆಕೆಂಡು. ಒಂದು ಬಾತುಕೋಳಿ ದಾನ್ಯೂಬ್ ದಾಟುತ್ತಿತ್ತು.

ಕ್ಯಾಂಟೀನಿನ ಇರೇನ್ ಅಕ್ಕ ಕಾಫಿ ತಂದವಳು ಅವನ ಸ್ಥಿತಿ ನೋಡಿ ಕನಿಕರಪಟ್ಟಳು. ಅಕ್ಟೋಬರ್ ಇಪ್ಪತ್ತು ಇರೇನ್ ಎಂಬ ಹೆಸರಿನ ದಿನವೂ ಹೌದು. ಆ ನಾಲ್ಕು ವರ್ಷ ಕಟ್ಟಡದ ಹೂವೆಲ್ಲ ಅವಳೊಬ್ಬಳಿಗೇ ಸಂದಿತ್ತು, ಅದರ ಮುಲಾಜು ಅವಳಿಗಿನ್ನೂ ಇತ್ತು.

"ಹವಾಮಾನ ಹಾಕಪ್ಪ," ಎಂದಳು. "ಮೋಡಕ್ಕೆ ಯಾವ ಪಕ್ಷ?"

ವೆಂಡೆಲ್ ಕಾಫಿ ಲೋಟ ಕೆಳಗಿಟ್ಟ. ಹದಿನೈದು ವರ್ಷದ ಹದಿನೈದು ಅಕ್ಟೋಬರ್ ಇಪ್ಪತ್ತು, ಒಂದೊಂದರ ಮಧ್ಯಾಹ್ನದ ಗಂಟೆಯೂ ಹವಾಮಾನವೂ ಸೇರಿ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಮೋಡ, ಬಿಸಿಲು, ಮಂಜು. ಯಾರಿಗೆ ನೋವಾಗುತ್ತದೆ? ಪೊಲ್ಗಾರನಿಗೆ ಹೇಳಿದರೆ ಅವನು ಕುರ್ಚಿಯಿಂದ ಎದ್ದೇಬಿಟ್ಟ.

"ಹದಿನೈದು ವರ್ಷ ನಾಯಕರ ಹೆಸರಿನ ದಿನದ ಆಕಾಶ. ಪ್ರತಿ ವರ್ಷ ಕೊನೆಗೆ ಅವರ ಹೆಸರು, ಶುಭಾಶಯ. ವೆಂಡೆಲ್ ಅವರೇ, ನೀವು ಇಷ್ಟು ದಿನ ಎಲ್ಲಿದ್ರಿ?"

"ನೆಲಮಾಳಿಗೆಯಲ್ಲಿ, ಸಾರ್. ಆದರೆ ಮಧ್ಯದ ನಾಲ್ಕು ವರ್ಷ..."

"ಯಾವ ನಾಲ್ಕು ವರ್ಷ?" ಎಂದ ಪೊಲ್ಗಾರ್, ನಿಜವಾಗಿ ಮರೆತವನ ಹಾಗೆ. ಅವನು ನಿಜವಾಗಿಯೂ ಮರೆತಿದ್ದ. ಇದೇ ನನಗೆ ಮೈ ಉರಿಸುವ ವಿಷಯ. ಗೇಜಾ ಎಂದು ಹೆಸರಿಟ್ಟವರೆಲ್ಲ ಮರೆತು ಹಾಯಾಗಿದ್ದರು, ಗೇಜಾ ಆಗಿ ಬದುಕಿದವನೊಬ್ಬನಿಗೇ ಅದು ನೆನಪಿತ್ತು.

ಟೇಪು ಹಾಕಿ ನೋಡಿದರೆ ಮೋಡಕ್ಕೂ ಪಕ್ಷವಿತ್ತು. ಮೊದಲ ಆರು ವರ್ಷದ ಮಳೆ 'ನಾಡಿಗೆ ಸಮೃದ್ಧಿ ತರುವ ಮಳೆ'. ಮುಂದಿನ ನಾಲ್ಕು ವರ್ಷ ಅದೇ ಮಳೆ 'ಚರಂಡಿ ಕಟ್ಟದ ಸರ್ಕಾರದ ಕೃಪೆಯಿಂದ ಬೀದಿಗೆ ನುಗ್ಗಿದ ಮಳೆ'. ಕೊನೆಯ ಐದು ವರ್ಷ ಮಂಜು ಕೂಡ ದೇಶಭಕ್ತ ಮಂಜು. ವೆಂಡೆಲ್ ಕೂತು ಒಂದೊಂದು ವಿಶೇಷಣವನ್ನೂ ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ತೆಗೆದ. ಉಳಿದದ್ದು ಆ ನಾಲ್ಕು ವರ್ಷದ ಕೊನೆಯ ಸಾಲು: 'ಇಂದು ಇರೇನ್ ಹೆಸರಿನವರ ದಿನ. ಅವರಿಗೆ ಶುಭಾಶಯ.' ಅಷ್ಟೇ. ವೆಂಡೆಲ್ ಇಲ್ಲ. ಕ್ಯಾಲೆಂಡರಿನಲ್ಲಿ ಅಚ್ಚಾಗಿದ್ದ ಹೆಸರನ್ನು ನಾಲ್ಕು ವರ್ಷ ನುಂಗಿದ್ದರು.

ಅದಕ್ಕೂ ಅವನು ಉಪಾಯ ಮಾಡಿದ. ಆ ನಾಲ್ಕು ಕಡೆ ಮಾತಿನ ಮೇಲೆ ಇಗರ್ಜಿಯ ಗಂಟೆ ಹೊಡೆಸಿದ. ಢಣ್ ಎಂದು ಗಂಟೆ, ಅದರಡಿಯಲ್ಲಿ ಇರೇನೂ ಇಲ್ಲ, ಯಾರೂ ಇಲ್ಲ. ನಾಲ್ಕೂವರೆಗೆ ಚಿತ್ರ ಮುಗಿಸಿ ಮೇಲೆ ಕಳಿಸಿ, ಬೆಳಗಿನಿಂದ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದ.

ಅಮ್ಮನ ಐದನೆಯ ಫೋನು ಬಂತು. "ಕುರ್ಚಿ ಸಾಲದು ಕಣೋ. ಕೆಳಗಿನವರದ್ದು ಆರು ತರಿಸ್ದೆ. ಕರ್ನಲ್ ತನ್ನದೇ ತರ್ತಾನಂತೆ. ಪೊಗಾಚ ಹೆಂಗಿತ್ತು ಅಂದ್ರು ಎಲ್ಲ?"

"ದೊಡ್ಡವರು ತಿಂತಿದಾರಮ್ಮ," ಎಂದ ವೆಂಡೆಲ್. ಅದು ಸುಳ್ಳಲ್ಲ.

ಐದೂವರೆಗೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ನಾಯಕ ಹೊಲ್ಲೋಶಿ, ಪಕ್ಕದಲ್ಲಿ ಬೊಗ್ನಾರ್, ಇಬ್ಬರ ನಡುವೆ ಪೊಗಾಚದ ತಟ್ಟೆ. ನಾಯಕ ಆಗಲೇ ನಾಲ್ಕು ತಿಂದು ಐದನೆಯದಕ್ಕೆ ಕೈ ಹಾಕಿದ್ದ. ವೆಂಡೆಲ್ ಸಭಾಂಗಣದ ಹಿಂಬದಿಯಲ್ಲಿ ಇರೇನ್ ಅಕ್ಕನ ಪಕ್ಕ ನಿಂತಿದ್ದ.

ದೀಪ ಆರಿತು. ಮೊದಲ ವರ್ಷ: ತಿಳಿ ಆಕಾಶ, 'ಇಂದು ಇರೇನ್, ವೆಂಡೆಲ್ ಹೆಸರಿನವರ ದಿನ, ಶುಭಾಶಯ.' ಚಪ್ಪಾಳೆ. ನಾಯಕ ತಲೆಬಾಗಿದ. ಎರಡನೆಯ ವರ್ಷ ಚಪ್ಪಾಳೆ, ಮೂರನೆಯ ವರ್ಷ ಚಪ್ಪಾಳೆ. ಆರನೆಯ ವರ್ಷಕ್ಕೆ ಜನ ಎದ್ದು ನಿಂತು ಕೂತರು. ಬೊಗ್ನಾರ್ ಹಿಂದೆ ತಿರುಗಿ ಪೊಲ್ಗಾರನಿಗೆ ಹೆಬ್ಬೆರಳು ತೋರಿಸಿದ. ಪೊಲ್ಗಾರ್ ವೆಂಡೆಲನ ಕಿವಿಯಲ್ಲಿ, "ಒಂದು ನಾಲ್ಕು ಕಡೆ ಗಂಟೆ ಜಾಸ್ತಿಯಾಗಿ ಮಾತು ಕೇಳ್ತಿರಲಿಲ್ಲ. ನಿಮ್ಮ ಕಿವಿಗೆ ಬಿದ್ದಿಲ್ಲ ಅನ್ಸುತ್ತೆ. ನಾನು ಹುಡುಗರಿಗೆ ಹೇಳಿ ಗಂಟೆ ತೆಗೆಸಿ ಸರಿ ಮಾಡಿಸ್ದೆ," ಎಂದ.

ವೆಂಡೆಲ್ ಬಾಯಿ ತೆರೆಯುವಷ್ಟರಲ್ಲಿ ಏಳನೆಯ ವರ್ಷ ಬಂತು. ಮಂಜು. 'ಇಂದು ಇರೇನ್ ಹೆಸರಿನವರ ದಿನ. ಅವರಿಗೆ ಶುಭಾಶಯ.'

ಕತ್ತಲಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು, ಇರೇನ್ ಅಕ್ಕ. ಅಭ್ಯಾಸಬಲ.

ಎಂಟನೆಯ ವರ್ಷವೂ ಇರೇನ್. ಒಂಬತ್ತು, ಇರೇನ್. ಹತ್ತನೆಯದೂ ಅದೇ ಇರೇನ್. ನಾಯಕ ಅರ್ಧ ತಿಂದ ಪೊಗಾಚವನ್ನು ತಟ್ಟೆಗೆ ಮರಳಿಸಿ ಎದ್ದು ನಿಂತ. ಯಾರೋ ದೀಪ ಹಾಕಿದರು.

"ಬೊಗ್ನಾರ್, ಏನಯ್ಯ ಇದು?"

"ಏನೋ ಯಂತ್ರ ಕೆಟ್ಟಿರಬೇಕು," ಎಂದ ಬೊಗ್ನಾರ್.

"ನಾಲ್ಕು ವರ್ಷ, ಅದೇ ದಿನ, ಅದೇ ಹೆಸರಿಗೆ ಕೆಡ್ತಾ?" ನಾಯಕನ ದನಿ ದೊಡ್ಡದಾಗಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ನನ್ನ ಕಳ್ಳ ಅಂದೆ. ಅದು ರಾಜಕೀಯ, ನುಂಗಿಕೊಂಡೆ. ಮೊಟ್ಟೆ ಹೊಡೆಸ್ದೆ, ಒರೆಸಿಕೊಂಡೆ. ನಮ್ಮಮ್ಮ ಕಣಯ್ಯ. ತೊಂಬತ್ತು ವರ್ಷದ ಮುದುಕಿ. ಆ ಗಂಟೆಗೋಸ್ಕರ ನಿನ್ನ ಹಾಳು ಚಾನೆಲ್ ಬಿಟ್ಟು ಬೇರೆ ನೋಡಲ್ಲ. ನಾಲ್ಕು ವರ್ಷವೂ ಆವತ್ತು ಫೋನು ಮಾಡಿ, ನಿನ್ನ ಹೆಸರು ಯಾಕೆ ಹೇಳ್ಲಿಲ್ಲ ಅಂತ ಅತ್ತಳು. ಯಂತ್ರ ಕೆಟ್ಟಿದೆ ಅಂತ ನಾನೇ ಸಮಾಧಾನ ಮಾಡ್ದೆ."

ಹಿಂದೆ ನಿಂತಿದ್ದ ವೆಂಡೆಲ್ ಒಂದು ಹೆಜ್ಜೆ ಮುಂದಿಟ್ಟ. ಅವನು ಆ ನಾಯಕನಿಗೆ ಯಾವತ್ತೂ ಓಟು ಹಾಕಿದವನಲ್ಲ. ಆದರೂ ಆ ಕ್ಷಣ ಹೋಗಿ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು.

ಬೊಗ್ನಾರ್ ಆಗಲಾದರೂ ಒಂದು ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು. ಇನ್ನೂರು ಜನರೆದುರು ಅವನ ಜಂಬ ಬಿಡಲಿಲ್ಲ.

"ಹೌದು, ನಾನೇ ತೆಗೆಸ್ದೆ. ಏನೀಗ? ಆ ಹಂದಿ ನಂದು."

"ಗುಂಡು ನಂದು."

"ನಿನ್ನ ಗುಂಡು ಮರಕ್ಕೆ ಹೊಡೀತು. ಇವತ್ತಿಗೂ ಆ ಮರದಲ್ಲಿದೆ."

ನಾಯಕ ಹೊರಟ. ಅವನ ಹಿಂದೆ ಮಂತ್ರಿಗಳು, ಮಂತ್ರಿಗಳ ಹಿಂದೆ ಅವರ ಕೋಟು ಹಿಡಿದವರು. ಹತ್ತು ನಿಮಿಷದಲ್ಲಿ ಸಭಾಂಗಣದಲ್ಲಿ ಉಳಿದದ್ದು ಕುರ್ಚಿಗಳು, ಹಂದಿ ಬೇಡವೆಂದು ಅಡುಗೆಯವರಿಗೆ ಯಾರೂ ಹೇಳದೆ ಬೆಂದುಹೋಗಿದ್ದ ಕಾಡುಹಂದಿ ಸಾರಿನ ದೊಡ್ಡ ಹಂಡೆ, ಮತ್ತು ವೆಂಡೆಲ್. ನನ್ನ ಕೆಲಸ ಹೋಯಿತು ಎಂದುಕೊಂಡು ಅವನು ನೆಲಮಾಳಿಗೆಗೆ ಇಳಿದು ಚೀಲ ತುಂಬತೊಡಗಿದ.

ಆರೂವರೆಗೆ ಪೊಲ್ಗಾರ್ ಓಡಿ ಬಂದ. ಅವನ ಮುಖದಲ್ಲಿ ಅಷ್ಟರಲ್ಲೇ ಹೊಸ ಕಾಲದ ಕಳೆ ಬಂದಿತ್ತು.

"ಎಲ್ಲಿಗೆ ಹೊರಟ್ರಿ? ಯಜಮಾನರಿಗೆ ನಿಮ್ಮ ಮೇಲೆ ಕೋಪ ಇಲ್ಲ. ನಿಜ ಹೇಳ್ಬೇಕಂದ್ರೆ, ಖುಷಿಯಾಗಿದಾರೆ. ಐದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದು ಹೊರಗೆ ಬಂತು ಅಂತ. ಮೊಟ್ಟೆ ಟೇಪು ಬೇಕಂತೆ, ತಗೊಳ್ಳಿ, ನನ್ನ ಜೇಬಲ್ಲೇ ಇತ್ತು. ಅದರಲ್ಲಿ ಮುಂದಿನ ಸಾಲಿನಲ್ಲಿರೋದು ನಾನೇ."

"ಹಾಗಾದ್ರೆ ನನ್ನ ಆ ಎರಡು ಮಾತು, ಸಾರ್?"

"ಕೊಟ್ಟ ಮಾತು ಕೊಟ್ಟಿದ್ದೇ. ಏಳಕ್ಕೆ ನೋಡಿ."

ಇಂಥ ದಿನದಲ್ಲಿ ಇಷ್ಟಾದರೂ ನ್ಯಾಯ ಉಳಿದಿದೆಯಲ್ಲ ಎಂದು ವೆಂಡೆಲನಿಗೆ ಕಣ್ಣು ತುಂಬಿತು. ತಲೆ ಬಾಚಿಕೊಂಡ. ಇರೇನ್ ಅಕ್ಕನನ್ನು ಕರೆದುಕೊಂಡು ಸ್ಟುಡಿಯೋದ ಗಾಜಿನಾಚೆ ನಿಂತ. ಏಳಾಯಿತು. ಕಿಂಗಾ ಅದೇ ಕುರ್ಚಿಯಲ್ಲಿ, ಅದೇ ನಗುವಿನಲ್ಲಿ, 'ಐದು ವರ್ಷದಿಂದ ಈ ದೇಶವನ್ನು ದೋಚುತ್ತಿರುವ ಆ ಮನುಷ್ಯ' ಎಂದು ಶುರುಮಾಡಿದಳು. ಮೊಟ್ಟೆ ಹಾರಿತು. ರಸ್ತೆ ಗುಂಡಿಗಳು ಬಂದವು, ಬೆಳಗಿನವರೆಗೂ ಇಲ್ಲದಿದ್ದ ಗುಂಡಿಗಳು. ಹವಾಮಾನದಲ್ಲಿ ನಾಳೆ ಸರ್ಕಾರದ ನಿರ್ಲಕ್ಷ್ಯದಿಂದ ಮಂಜು ಎಂದರು.

ಕೊನೆಗೆ ತೆರೆಯ ಮೇಲೆ ನೆಲಮಾಳಿಗೆಯ ಟೇಪಿನ ಕಪಾಟುಗಳು ಕಾಣಿಸಿದವು. ಅವನ ಫೋಟೋ ಯಾರ ಬಳಿಯೂ ಇರಲಿಲ್ಲ, ಎಲ್ಲರ ಫೋಟೋ ಕಾಯುವವನ ಫೋಟೋ ತೆಗೆದವರು ಯಾರು? ಕಿಂಗಾ ಮೃದುವಾಗಿ ಹೇಳಿದಳು: "ಹದಿನೈದು ವರ್ಷ ಒಂದು ದಿನವೂ ತಪ್ಪದೆ ನಮ್ಮ ಚಾನೆಲ್ಲಿನ ನೆನಪನ್ನು ಕಾಪಾಡಿದ ಹಿರಿಯ ಸಹೋದ್ಯೋಗಿಗೆ ಹರಂಗ್ ಟೀವಿಯ ಹೃತ್ಪೂರ್ವಕ ನಮನ. ಚೆಪ್ರೆಗಿ ಗೇಜಾ ಅವರೇ, ನಿಮಗೆ ಧನ್ಯವಾದ."

ಇರೇನ್ ಅಕ್ಕ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ವೆಂಡೆಲ್ ಕೆಳಗಿಳಿದು ಹೋಗಿ ಮೇಜಿನ ಖಾನೆ ಎಳೆದ. ಹಳೆಯ ಬಿಲ್ಲೆ ಅಲ್ಲೇ ಇತ್ತು, ಪಿನ್ನು ಮಾತ್ರ ಸ್ವಲ್ಪ ತುಕ್ಕು ಹಿಡಿದಿತ್ತು.

ಫೋನು ಬಡಿದುಕೊಂಡಿತು. ಅಮ್ಮನ ದನಿಯ ಹಿಂದೆ ಕುರ್ಚಿಗಳನ್ನು ಎಳೆದು ಒಯ್ಯುವ ಸದ್ದು, ಕರ್ನಲ್ಲನ ನಗು.

"ನೋಡಿದೆ ಕಣೋ, ಕಣ್ಣಾರೆ ನೋಡಿದೆ. ಹೊಗಳಿದ್ದೇ ಹೊಗಳಿದ್ದು, ಯಾರನ್ನ? ಯಾವನೋ ಗೇಜಾ ಅಂತೆ. ನಮ್ಮ ಮನೆತನದ ಹೆಸರೇ ಇಟ್ಕೊಂಡಿದಾನೆ ಬೇರೆ. ನೀನು ಕೂರೋ ನೆಲಮಾಳಿಗೆಯಲ್ಲೇ ಅವನೂ ಇರೋದಂತೆ, ಹದಿನೈದು ವರ್ಷದಿಂದ ಒಂದು ದಿನ ತಪ್ಪಿಸಿಲ್ಲವಂತೆ. ನೀನು ಅಲ್ಲಿ ಏನು ಮಾಡ್ತಿದ್ದೆ ಅಷ್ಟು ವರ್ಷ?"

"ಅಮ್ಮ..."

"ಮಾತಾಡಬೇಡ. ನಾಳೆ ಹೋಗಿ ಆ ಗೇಜಾನ್ನ ನೋಡಿ ಕಲಿ."